ನೋಡದ ಬಾಂಬಿನ ನೆನಪು

ವಿಜ್ಞಾನಿಯೊಬ್ಬ ತನ್ನ ಕಥೆ ಬರೆದರೆ ಮೊದಲು ಮುನಿಸಿಕೊಳ್ಳುವವರು ಅದರಲ್ಲಿ ಪಾತ್ರಗಳಾದವರು. ಜೇಮ್ಸ್ ವಾಟ್ಸನ್ ಡಿಎನ್‌ಎ ರಚನೆಯ ಶೋಧದ ಬಗ್ಗೆ ‘ದಿ ಡಬಲ್ ಹೀಲಿಕ್ಸ್’ ಬರೆದಾಗ ಜೊತೆಗಾರರಾದ ಕ್ರಿಕ್ ಮತ್ತು ವಿಲ್ಕಿನ್ಸ್ ಸಿಡಿದೆದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಹಸ್ತಪ್ರತಿಯನ್ನೇ ಕೈಬಿಟ್ಟಿತು. ಕೊನೆಗೆ 1968ರಲ್ಲಿ ಬೇರೆ ಪ್ರಕಾಶಕರು ಅದನ್ನು ಹೊರತಂದರು. ನರವಿಜ್ಞಾನಿ ಆಲಿವರ್ ಸ್ಯಾಕ್ಸ್ 2001ರಲ್ಲಿ ಪ್ರಕಟಿಸಿದ ಬಾಲ್ಯಕಥನ ‘ಅಂಕಲ್ ಟಂಗ್‌ಸ್ಟನ್’ಗೆ ಇಂಥ ಕಾಟ ಬರಲಿಲ್ಲ. ಓದಿದವರು ಮೆಚ್ಚಿದರು. ಆದರೆ ಅದರ ಬುಡಕ್ಕೇ ತಾಗುವ ಆಕ್ಷೇಪವೊಂದು ಮನೆಯೊಳಗಿಂದಲೇ, ಒಡಹುಟ್ಟಿದ ಅಣ್ಣನಿಂದ ಬಂತು.

ಪುಸ್ತಕ ಹುಟ್ಟಿದ್ದು ಒಂದು ಪಾರ್ಸೆಲ್‌ನಿಂದ. ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ರೋಆಲ್ಡ್ ಹಾಫ್‌ಮನ್ 1997ರ ಕೊನೆಯಲ್ಲಿ ಸ್ಯಾಕ್ಸ್‌ಗೆ ಆವರ್ತಕ ಕೋಷ್ಟಕದ ಭಿತ್ತಿಚಿತ್ರವೊಂದನ್ನು ಕಳಿಸಿದ್ದರು. ಪಾರ್ಸೆಲ್‌ನೊಳಗೆ ಇದ್ದ ಪುಟ್ಟದೊಂದು ಲೋಹದ ತುಂಡು ನೆಲಕ್ಕೆ ಬಿದ್ದು ಸದ್ದು ಮಾಡಿತು. ಅದು ಟಂಗ್‌ಸ್ಟನ್ ಎಂದು ಸ್ಯಾಕ್ಸ್‌ಗೆ ಸದ್ದಿನಿಂದಲೇ ಗೊತ್ತಾಯಿತು. ಐವತ್ತು ವರ್ಷ ಮರೆತಿದ್ದ ಬಾಲ್ಯ ಅಲ್ಲಿಂದ ತೆರೆದುಕೊಂಡಿತು.

ಸ್ಯಾಕ್ಸ್ ಹುಟ್ಟಿದ್ದು 1933ರಲ್ಲಿ, ಲಂಡನ್ನಿನಲ್ಲಿ. ತಂದೆ ತಾಯಿ ಇಬ್ಬರೂ ವೈದ್ಯರು. ತಾಯಿ ತನ್ನ ವಜ್ರದುಂಗುರದಿಂದ ಮಂಜುಗಡ್ಡೆ ಸಲೀಸಾಗಿ ಕತ್ತರಿಸುವುದನ್ನು ತೋರಿಸಿ, ವಜ್ರ ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆಂದು ಹೇಳಿಕೊಡುತ್ತಿದ್ದರು. ಸೋದರಮಾವ ಡೇವ್ ಬಲ್ಬುಗಳಿಗೆ ಟಂಗ್‌ಸ್ಟನ್ ತಂತಿ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಲೋಹಗಳಲ್ಲೆಲ್ಲ ಅತಿ ಹೆಚ್ಚಿನ ಶಾಖಕ್ಕೆ, ಅಂದರೆ ಸುಮಾರು 3,400 ಡಿಗ್ರಿ ಸೆಲ್ಸಿಯಸ್‌ಗೆ, ಕರಗುವ ಟಂಗ್‌ಸ್ಟನ್‌ನ ಕಪ್ಪು ಪುಡಿ ಅವರ ಕೈಗೆ ಮೆತ್ತಿಕೊಂಡೇ ಇರುತ್ತಿತ್ತು. ಪುಸ್ತಕದ ಹೆಸರಿನ ಮಾವ ಇವರೇ.

ಈ ಬೆಚ್ಚಗಿನ ಮನೆಯಿಂದ ಯುದ್ಧ ಹುಡುಗನನ್ನು ಕಿತ್ತು ಹಾಕಿತು. 1939ರಲ್ಲಿ ಆರು ವರ್ಷದ ಆಲಿವರ್‌ನನ್ನು, ಅಣ್ಣ ಮೈಕೇಲ್ ಜೊತೆಗೆ, ಪುಸ್ತಕದಲ್ಲಿ ಬ್ರೇಫೀಲ್ಡ್ ಎಂದು ಕರೆದಿರುವ ದೂರದ ವಸತಿಶಾಲೆಗೆ ಕಳಿಸಿದರು. ಅಲ್ಲಿ ಹೊಡೆತ, ಅರೆಹೊಟ್ಟೆ. ಹುಡುಗ ಅವಿಭಾಜ್ಯ ಸಂಖ್ಯೆಗಳಲ್ಲಿ ನೆಮ್ಮದಿ ಹುಡುಕಿಕೊಂಡ. ಮನೆಗೆ ಮರಳಿದ ಮೇಲೆ ಹಿಂದಿನ ಕೋಣೆಯೇ ಪ್ರಯೋಗಶಾಲೆಯಾಯಿತು. ಯುದ್ಧ ಮುಗಿದು ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನ ಸಂಗ್ರಹಾಲಯ ತೆರೆದಾಗ ಅಲ್ಲಿ ಮೂಲವಸ್ತುಗಳನ್ನೇ ಜೋಡಿಸಿಟ್ಟಿದ್ದ ಆವರ್ತಕ ಕೋಷ್ಟಕವನ್ನು ಕಂಡು ಅವನಿಗೆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಪುಟಗಳು.

ಹಿಡಿಸದ್ದೂ ಇದೆ. ಡೇವಿ, ಡಾಲ್ಟನ್, ಮೆಂಡಲೀವ್, ಕ್ಯೂರಿಯರ ಚರಿತ್ರೆ ಬಾಲ್ಯದ ನಡುವೆ ಅಧ್ಯಾಯಗಟ್ಟಲೆ ಬರುತ್ತದೆ. ಬೆರಗಿನಿಂದ ಮಾತಾಡುತ್ತಿರುವವನು ಹನ್ನೆರಡರ ಹುಡುಗನೋ, ಆಮೇಲೆ ಎಲ್ಲ ಓದಿಕೊಂಡ ಅರವತ್ತೈದರ ವೈದ್ಯನೋ ಎಂದು ಹಲವೆಡೆ ತಿಳಿಯುವುದೇ ಇಲ್ಲ. ಇಷ್ಟು ಗಾಢವಾದ ರಸಾಯನ ಪ್ರೀತಿ ಹದಿಹರೆಯದಲ್ಲಿ ಏಕೆ ಆರಿತು ಎಂಬುದೂ ಕೊನೆಯ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ.

ಈಗ ಅಣ್ಣನ ಆಕ್ಷೇಪಕ್ಕೆ ಕಾರಣವಾದ ಬಾಂಬಿನ ವಿಷಯ. 1940–41ರ ಚಳಿಗಾಲದ ಎರಡು ಬಾಂಬುಗಳನ್ನು ಸ್ಯಾಕ್ಸ್ ಬಣ್ಣಿಸಿದ್ದಾರೆ. ಮೊದಲನೆಯದು ಪಕ್ಕದ ಮನೆಯ ಹಿತ್ತಲಿಗೆ ಬಿದ್ದು ಸಿಡಿಯದೆ ಉಳಿದದ್ದು. ಬೀದಿಯವರೆಲ್ಲ ರಾತ್ರಿಯುಡುಗೆಯಲ್ಲೇ ಹೆಜ್ಜೆಯ ಸದ್ದಾಗದಂತೆ ಹೊರಬಿದ್ದರು. ಎರಡನೆಯದು ಮನೆಯ ಹಿಂದೆ ಬಿದ್ದ ಥರ್ಮೈಟ್ ಬಾಂಬು. ತಂದೆ ಕೈಪಂಪು ಹಿಡಿದರು, ಅಣ್ಣಂದಿರು ಬಕೆಟ್ಟುಗಳಲ್ಲಿ ನೀರು ತಂದರು, ಬೆಂಕಿ ಆರಲಿಲ್ಲ. ಆರುವ ಬೆಂಕಿಯೂ ಅಲ್ಲ ಅದು. ಥರ್ಮೈಟ್ ಎಂದರೆ ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯುಮಿನಿಯಂ ಪುಡಿಯ ಮಿಶ್ರಣ. ಅಲ್ಯುಮಿನಿಯಂ ಆಮ್ಲಜನಕವನ್ನು ಕಬ್ಬಿಣದಿಂದಲೇ ಕಿತ್ತುಕೊಳ್ಳುವುದರಿಂದ ಗಾಳಿಯ ಹಂಗಿಲ್ಲ; ಶಾಖ 2,000 ಡಿಗ್ರಿ ದಾಟುತ್ತದೆ.

ಪುಸ್ತಕ ಬಂದ ಕೆಲವು ತಿಂಗಳಿಗೆ ಮೈಕೇಲ್ ಜೊತೆ ಈ ಮಾತು ಬಂತು. ಮೊದಲ ಬಾಂಬು ನಿಜ ಎಂದರು ಮೈಕೇಲ್. ಎರಡನೆಯದನ್ನು ಮಾತ್ರ ಆಲಿವರ್ ನೋಡಿರಲೇ ಇಲ್ಲ. ಆಗ ಇಬ್ಬರೂ ಬ್ರೇಫೀಲ್ಡ್‌ನಲ್ಲಿದ್ದರು. ಇನ್ನೊಬ್ಬ ಅಣ್ಣ ಡೇವಿಡ್ ಕಣ್ಣಿಗೆ ಕಟ್ಟುವಂತೆ ಬರೆದ ಕಾಗದವನ್ನು ಓದಿ ಆಲಿವರ್ ಮೈಮರೆತಿದ್ದರು. ಆ ಕಾಗದವೇ ಅರವತ್ತು ವರ್ಷಗಳಲ್ಲಿ ಸ್ವಂತ ಅನುಭವವಾಗಿ ಕೂತಿತ್ತು. ಮುಂದೆ ಲೋಹಗಳ ಹುಚ್ಚು ಹತ್ತಿಸಿಕೊಂಡ ಹುಡುಗನಿಗೆ ಕರಗುತ್ತ ಚಿಮ್ಮುವ ಲೋಹದ ವರ್ಣನೆ ಹಾಗೆ ಅಂಟಿದ್ದು ಸಹಜವೇ ಇರಬೇಕು.

ಸ್ಯಾಕ್ಸ್ ಈ ಮಾತನ್ನು ಮುಚ್ಚಿಡಲಿಲ್ಲ, ಅದನ್ನೇ ಪರೀಕ್ಷೆಗಿಟ್ಟರು. 2013ರಲ್ಲಿ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ನಲ್ಲಿ ಬರೆದ ಪ್ರಬಂಧದಲ್ಲಿ ಎರಡು ನೆನಪುಗಳನ್ನೂ ಎದುರುಬದುರು ಇಟ್ಟು ನೋಡಿದರು. ಮೊದಲನೆಯದರಲ್ಲಿ ತಾನು ಚಳಿಗೆ ನಡುಗುವ ಹುಡುಗ. ಎರಡನೆಯದನ್ನು ಯಾವ ಕೋನದಿಂದ ಬೇಕಾದರೂ ನೋಡಬಹುದು. ಅಷ್ಟು ಬಿಟ್ಟರೆ ಎರಡೂ ಒಂದೇ ಸಮ ಸ್ಪಷ್ಟ. ಸುಳ್ಳೆಂದು ಗೊತ್ತಾದ ಮೇಲೂ ಎರಡನೆಯ ಚಿತ್ರ ಮಸುಕಾಗಲಿಲ್ಲ.

ಮನೋವಿಜ್ಞಾನಕ್ಕೆ ಇದು ಹೊಸತಲ್ಲ. ನೆನಪೆಂದರೆ ಪ್ರತಿಸಲವೂ ಹೊಸದಾಗಿ ಕಟ್ಟಿಕೊಳ್ಳುವ ಕೆಲಸ ಎಂದು ಕೇಂಬ್ರಿಜ್‌ನ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲೇ ವಾದಿಸಿದ್ದರು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಮನೋವಿಜ್ಞಾನಿ ಅಲ್ರಿಕ್ ನೈಸರ್ ವಿದ್ಯಾರ್ಥಿಗಳಿಂದ ಸುದ್ದಿ ತಿಳಿದ ಬಗೆಯನ್ನು ಬರೆಸಿಟ್ಟುಕೊಂಡರು. ಕೆಲವು ವರ್ಷಗಳ ನಂತರ ಅದೇ ಪ್ರಶ್ನೆ ಕೇಳಿದಾಗ ಹಲವರು ಪೂರಾ ಬೇರೆ ಕಥೆ ಹೇಳಿದರು, ಅದೂ ಗಟ್ಟಿ ನಂಬಿಕೆಯಿಂದ. ಘಟನೆ ನೆನಪಿನಲ್ಲಿ ಉಳಿಯುತ್ತದೆ. ಅದು ಎಲ್ಲಿಂದ ಬಂತು, ಕಂಡದ್ದೋ ಕೇಳಿದ್ದೋ ಎಂಬ ಗುರುತು ಅಳಿಸಿಹೋಗುತ್ತದೆ.

ಹಾಗೆಂದು ‘ಅಂಕಲ್ ಟಂಗ್‌ಸ್ಟನ್’ ನಂಬಲಾಗದ ಪುಸ್ತಕವೆಂದು ನಾನು ಹೇಳುವುದಿಲ್ಲ. ಬಾಲ್ಯಕಥನಗಳನ್ನು ಸಾಕ್ಷಿಯಾಗಿ ಬಳಸುವ ಜೀವನಚರಿತ್ರೆಕಾರರು ಮಾತ್ರ ಎಚ್ಚರದಿಂದಿರಬೇಕು. ಪುಸ್ತಕ ಕೈಗೆತ್ತಿಕೊಳ್ಳುವವರು 2013ರ ಆ ಪ್ರಬಂಧವನ್ನೂ ಜೊತೆಗಿಟ್ಟು ಓದಿ. ಸ್ಯಾಕ್ಸ್ 2015ರಲ್ಲಿ ತೀರಿಕೊಂಡ ಮೇಲೆ ಬಂದ ‘ದಿ ರಿವರ್ ಆಫ್ ಕಾನ್ಶಸ್‌ನೆಸ್’ ಸಂಕಲನದಲ್ಲಿ ಅದರ ವಿಷಯ ಸಿಗುತ್ತದೆ.