ಯುನಿಕೋಡ್‌ನಿಂದ ಮರಳಿ ನುಡಿಗೆ

ಕಂಪ್ಯೂಟರಿನಲ್ಲಿ ಕನ್ನಡ ಪಠ್ಯ ಮುಖ್ಯವಾಗಿ ಎರಡು ಬಗೆಯಲ್ಲಿ ಉಳಿಯುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ, ಸ್ವರಚಿಹ್ನೆಗೂ ತನ್ನದೇ ಸಂಕೇತವಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಅಚ್ಚಿನ ಲೋಕದಲ್ಲಿ ‘ಆಸ್ಕಿ’ ಎಂದು ಕರೆಯುವ ಹಳೆಯ ಕ್ರಮದಲ್ಲಿ, ಅಂದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ, ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ.

ಲೇಖಕರು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯುನಿಕೋಡ್‌ನಲ್ಲಿ ಬರೆದು ಕಳಿಸುತ್ತಾರೆ. ಬೆಂಗಳೂರಿನ ಜಯನಗರವಿರಲಿ, ಬನಶಂಕರಿಯಿರಲಿ, ಡಿ.ಟಿ.ಪಿ. ಮಾಡುವವರು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವುದಾದರೆ ಅದನ್ನು ಮೊದಲು ನುಡಿಗೆ ಇಳಿಸಿಕೊಳ್ಳಲೇಬೇಕು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಯುನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳ ನೇರ ಬೆಂಬಲ ಸಿಕ್ಕಿದ್ದು 2012ರ ಸಿಎಸ್6 ಆವೃತ್ತಿಯಲ್ಲಿ.

ಇಳಿಸುವ ಕೆಲಸ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯುವುದಿಲ್ಲ. ‘ಕನ್ನಡ’ ಎಂಬ ಪದಕ್ಕೆ ಯುನಿಕೋಡ್‌ನಲ್ಲಿ ಐದು ಸಂಕೇತ ಸಾಕು, ನುಡಿಯಲ್ಲಿ ಏಳು ತುಂಡು ಬೇಕು. ‘ಕ’ದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿದೆ, ತಲೆಕಟ್ಟು ಬೇರೆಡೆ. ‘ಮ’ಕ್ಕೆ ಸ್ವಂತ ಸ್ಥಾನವೇ ಇಲ್ಲ, ‘ವ’ದ ಒಡಲು, ತಲೆಕಟ್ಟು, ಕೊಂಬು ಸೇರಿ ಅದಾಗುತ್ತದೆ. ‘ಯ’ ಶುರುವಾಗುವುದು ಅನುಸ್ವಾರದ ಸೊನ್ನೆಯಿಂದ. ಅರ್ಕಾವತ್ತಿನದು ಇನ್ನೂ ಸೂಕ್ಷ್ಮ: ‘ಧರ್ಮ’ದಲ್ಲಿ ಯುನಿಕೋಡ್ ಉಚ್ಚಾರದ ಕ್ರಮ ಹಿಡಿದು ‘ರ’ವನ್ನು ‘ಮ’ದ ಮೊದಲು ಇಡುತ್ತದೆ, ನುಡಿ ಕಣ್ಣಿಗೆ ಕಾಣುವಂತೆ ಅರ್ಕಾವತ್ತನ್ನು ಕೊನೆಯಲ್ಲಿಡುತ್ತದೆ. ಆದ್ದರಿಂದ ಪರಿವರ್ತಕ ತಂತ್ರಾಂಶ ಪ್ರತಿ ಗುಣಿತಾಕ್ಷರವನ್ನೂ ಇಡಿಯಾಗಿ ಓದಿ, ಒಡೆದು, ಮರುಜೋಡಿಸಬೇಕಾಗುತ್ತದೆ.

ಈ ದಾರಿಯಲ್ಲಿ ಕೆಲವು ಸಂಗತಿಗಳು ಕಳೆದೇಹೋಗುತ್ತವೆ. ಪಠ್ಯದ ನಡುವಿನ ಇಂಗ್ಲಿಷ್ ಪದಕ್ಕೆ ಬೇರೆ ಫಾಂಟ್ ಹಚ್ಚದಿದ್ದರೆ ಅದು ಅರ್ಥವಿಲ್ಲದ ಕನ್ನಡವಾಗಿ ಅಚ್ಚಾಗುತ್ತದೆ. ದೇವನಾಗರಿಯ ಶ್ಲೋಕಕ್ಕೆ ನುಡಿಯ ಫಾಂಟಿನಲ್ಲಿ ಜಾಗವೇ ಇಲ್ಲ. ಅಕಾರಾದಿಯೂ ಕೆಡುತ್ತದೆ, ಪದಸೂಚಿ ಇರುವ ಪುಸ್ತಕವಾದರೆ ಪದಗಳನ್ನು ಯುನಿಕೋಡ್‌ನಲ್ಲೇ ಜೋಡಿಸಿಕೊಂಡು ಆಮೇಲೆ ಇಳಿಸುವುದು ಸರಿ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಕರಡು ತಿದ್ದುವ ಹೊತ್ತಿನದು. ತಿದ್ದುಪಡಿಗಳು ಪೇಜ್‌ಮೇಕರ್ ಕಡತಕ್ಕೆ ಸೇರುತ್ತವೆ, ಮೂಲ ಯುನಿಕೋಡ್ ಕಡತ ತಪ್ಪುಗಳೊಡನೆ ಹಾಗೆಯೇ ಉಳಿಯುತ್ತದೆ. ಮುಂದೆ ಇ-ಪುಸ್ತಕ ಮಾಡುವಾಗ ತಿದ್ದಿದ ಪಠ್ಯ ಇರುವುದು ಹಳೆಯ ರೂಪದಲ್ಲಿ ಮಾತ್ರ. ಅದನ್ನು ಮತ್ತೆ ಯುನಿಕೋಡ್‌ಗೆ ಏರಿಸಿ, ಇನ್ನೊಮ್ಮೆ ಕರಡು ನೋಡಬೇಕು. ಪ್ರತಿ ತಿದ್ದುಪಡಿಯನ್ನೂ ಆಯಾ ದಿನವೇ ಮೂಲ ಕಡತಕ್ಕೂ ಸೇರಿಸಿಟ್ಟರೆ ಈ ಎರಡನೆಯ ಸುತ್ತು ತಪ್ಪುತ್ತದೆ.