ಗಾಡಿಯ ಕಣ್ಣು



ಎತ್ತಿಗೆ ಕಣ್ಣಿದೆ. ಕತ್ತಲಲ್ಲೂ ಅದು ಮನೆಯ ದಾರಿ ಹಿಡಿಯುತ್ತದೆ. ಕಾರು, ಟೆಂಪೋ, ಟ್ರ್ಯಾಕ್ಟರಿಗೆ ಅಂಥ ಕಣ್ಣಿಲ್ಲ. ಮುಂದಿನ ಎರಡು ಲೈಟುಗಳೇ ಅವುಗಳ ಕಣ್ಣು. ಆ ಲೈಟಿನ ಒಳಗೆ ಒಂದು ಚಿಕ್ಕ ಬಲ್ಬು ಇರುತ್ತದೆ. ಅದು ಸುಟ್ಟರೆ ಗಾಡಿ ಕುರುಡು.

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಹೆರಿಗೆ ನೋವು ಹಗಲು ನೋಡಿಕೊಂಡು ಬರುವುದಿಲ್ಲ. ಹಡಗಲಿಯ ಮಲ್ಲಿಗೆ ಬಾಡುವ ಮೊದಲೇ ಪೇಟೆ ಸೇರಬೇಕು. ಕೊಟ್ಟೂರೇಶ್ವರನ ತೇರಿಗೆ ಜನ ರಾತ್ರಿಯೆಲ್ಲ ನಡೆದು ಹೋಗುತ್ತಾರೆ. ಮೈಲಾರದ ಕಾರಣಿಕಕ್ಕೆ ಎತ್ತಿನ ಗಾಡಿ, ಟ್ರ್ಯಾಕ್ಟರು ಸಾಲುಗಟ್ಟುತ್ತವೆ. ಕೂಡ್ಲಿಗಿಯ ಮೇಲೆ ಹಾಯುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಓಡಾಟ ರಾತ್ರಿಯೂ ನಿಲ್ಲುವುದಿಲ್ಲ. ಗುಡೇಕೋಟೆಯ ಕಾಡಿನ ಕಡೆ ಕರಡಿ ರಸ್ತೆ ದಾಟುತ್ತದೆ.

"ಗಾಡಿ ಗಂಡಸರದ್ದು, ನಮಗ್ಯಾಕ ಆ ಉಸಾಬರಿ?" ಅನ್ನಬೇಡಿ. ಆ ಗಾಡಿಯಲ್ಲಿ ಕೂರುವವರು ನಾವು. ನಮ್ಮ ಮಡಿಲಲ್ಲಿ ಮಕ್ಕಳು. ಬಲ್ಬಿಗೆ ಹೋಗುವ ದುಡ್ಡು ನಮ್ಮ ಮನೆಯದು. ಆದ್ದರಿಂದ ಬಲ್ಬಿನ ವಿಷಯ ನಮಗೂ ಗೊತ್ತಿರಬೇಕು.

ಒಂಟಿ ಕಣ್ಣಿನ ಗಾಡಿ

ಒಂದು ಬಲ್ಬು ಸುಟ್ಟಿತು. "ಇನ್ನೊಂದು ಐತಲ್ಲ, ನಡೀತೈತಿ ಬಿಡು" ಅನ್ನುತ್ತಾರೆ. ಇದು ಬಹಳ ಅಪಾಯದ ಮಾತು. ಯಾಕೆ?

ಎದುರಿನಿಂದ ಬರುವವರಿಗೆ ಒಂದೇ ಬೆಳಕು ಕಾಣುತ್ತದೆ. "ಬೈಕು ಬರ್ತೈತಿ" ಎಂದು ಅವರು ತಿಳಿಯುತ್ತಾರೆ. ಪಕ್ಕದಲ್ಲಿ ಜಾಗ ಇದೆ ಎಂದು ನುಗ್ಗುತ್ತಾರೆ. ಆದರೆ ಅಲ್ಲಿ ಕತ್ತಲಲ್ಲಿ ಗಾಡಿಯ ಅರ್ಧ ಭಾಗ ಇರುತ್ತದೆ!

ಇನ್ನೊಂದು ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿದ್ದ ಎತ್ತಿನ ಗಾಡಿ ಕಣ್ಣಿಗೆ ಬಿದ್ದು, ಬ್ರೇಕ್ ಒತ್ತಿ, ಗಾಡಿ ನಿಲ್ಲಬೇಕಾದರೆ ಒಣ ರಸ್ತೆಯಲ್ಲೂ ಸುಮಾರು 40 ಮೀಟರ್ ಬೇಕು. ಲೋಡು ಇದ್ದರೆ, ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು ಬೇಕು. ಅಷ್ಟು ದೂರ ಬೆಳಕು ಬೀಳದಿದ್ದರೆ ಡ್ರೈವರ್ ಎಷ್ಟೇ ಜಾಣನಿದ್ದರೂ ಏನೂ ಮಾಡಲಾರ.

ಕಾಯಿದೆಯೂ ಇದನ್ನೇ ಹೇಳುತ್ತದೆ. ಹೊತ್ತು ಮುಳುಗಿದ ಅರ್ಧ ಗಂಟೆಯಿಂದ ಹೊತ್ತು ಹುಟ್ಟುವ ಅರ್ಧ ಗಂಟೆ ಮುಂಚಿನವರೆಗೆ ಗಾಡಿಯ ದೀಪಗಳು ಉರಿಯಲೇಬೇಕು. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮ.

ಬಲ್ಬಿನ ಒಳಗೆ ಏನಿದೆ?

ಬಲ್ಬಿನೊಳಗೆ ಸುರುಳಿ ಸುತ್ತಿದ ತೆಳ್ಳಗಿನ ತಂತಿ ಇರುತ್ತದೆ. ಇದಕ್ಕೆ ಫಿಲಮೆಂಟ್ ಎನ್ನುತ್ತಾರೆ. ಇದನ್ನು ಟಂಗ್‌ಸ್ಟನ್ ಎಂಬ ಲೋಹದಿಂದ ಮಾಡುತ್ತಾರೆ. ಕರೆಂಟು ಹರಿದಾಗ ತಂತಿ 2,500 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಕಾದು ಬೆಳಗುತ್ತದೆ. ಅಷ್ಟು ಬಿಸಿಗೆ ಕಬ್ಬಿಣ ಕರಗಿ ನೀರಾಗುತ್ತದೆ. ಟಂಗ್‌ಸ್ಟನ್ ಕರಗುವುದಿಲ್ಲ. ಆದರೆ ದಿನ ಕಳೆದಂತೆ ಸವೆಯುತ್ತದೆ. ಸವೆದು ಸವೆದು ಒಂದು ದಿನ ಕಡಿಯುತ್ತದೆ. ಅದನ್ನೇ ನಾವು "ಬಲ್ಬು ಹೋಯ್ತು" ಅನ್ನುತ್ತೇವೆ.

ಈಗ ಬಹಳ ಗಾಡಿಗಳಲ್ಲಿ ಇರುವುದು ಹ್ಯಾಲೊಜನ್ ಬಲ್ಬು. ಯುರೋಪಿನ ಕಾರುಗಳಿಗೆ ಇದು 1962ರಲ್ಲಿ ಬಂತು. ಇದರೊಳಗೆ ಒಂದು ವಿಶೇಷ ಅನಿಲ ತುಂಬಿರುತ್ತಾರೆ. ಸವೆದ ಟಂಗ್‌ಸ್ಟನ್ನನ್ನು ಆ ಅನಿಲ ಮತ್ತೆ ತಂತಿಯ ಮೇಲೆ ಕೂರಿಸುತ್ತದೆ. ಅದಕ್ಕೇ ಗಾಜು ಬೇಗ ಕಪ್ಪಾಗುವುದಿಲ್ಲ.

ಬಲ್ಬಿನ ಮೇಲಿನ ಬರಹ ಓದೋಣ

ಈಗ ನೀವು ಅಂಕಿ ಓದಬಲ್ಲಿರಿ. ಬಲ್ಬಿನ ಬುಡದಲ್ಲಿ, ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿ. ಅಕ್ಷರ ಇಂಗ್ಲಿಷಿನದು. ಆದರೆ ಅಂಕಿ ನಮಗೆ ಗೊತ್ತಿರುವುದೇ.

12 ಎಂದು ಇದ್ದರೆ 12 ವೋಲ್ಟ್. ಕಾರು, ಟೆಂಪೋ, ಟ್ರ್ಯಾಕ್ಟರಿಗೆ ಇದು. ದೊಡ್ಡ ಲಾರಿ, ಬಸ್ಸಿಗೆ 24 ವೋಲ್ಟ್. ಲಾರಿಗೆ 12ರ ಬಲ್ಬು ಹಾಕಿದರೆ ಹಚ್ಚಿದ ಕೂಡಲೇ ಸುಡುತ್ತದೆ.

60/55 ಎಂದು ಇದ್ದರೆ ಅದು ವ್ಯಾಟ್. ಒಂದೇ ಬಲ್ಬಿನಲ್ಲಿ ಎರಡು ತಂತಿ ಇವೆ ಎಂದು ಅರ್ಥ. ಬ್ರೈಟ್ ಹಾಕಿದಾಗ 60ರ ತಂತಿ ಉರಿಯುತ್ತದೆ. ಡಿಮ್ ಹಾಕಿದಾಗ 55ರದು ಉರಿಯುತ್ತದೆ. ಈ ಬಲ್ಬಿಗೆ ಎಚ್4 ಎಂಬ ಹೆಸರು.

ಅಂಗಡಿಗೆ ಹೋಗುವಾಗ ಸುಟ್ಟ ಬಲ್ಬನ್ನು ಜೊತೆಗೆ ಒಯ್ಯಿರಿ. ಎರಡರ ಮೇಲಿನ ಬರಹವನ್ನೂ ತಾಳೆ ನೋಡಿ.

ಬೇಗ ಯಾಕೆ ಸುಡುತ್ತದೆ?

ಒಳ್ಳೆಯ ಬಲ್ಬು ನೂರಾರು ಗಂಟೆ ಉರಿಯುತ್ತದೆ. ದಿನಕ್ಕೆ 2 ಗಂಟೆ ಉರಿಸಿದರೆ ತಿಂಗಳಿಗೆ 60 ಗಂಟೆ ಆಯಿತು. ಅಂಥ ಗಾಡಿಯಲ್ಲಿ ಎರಡು ತಿಂಗಳಿಗೊಂದು ಬಲ್ಬು ಹೋಗುತ್ತಿದ್ದರೆ ಎಲ್ಲೋ ಏನೋ ದೋಷ ಇದೆ. ಬಲ್ಬನ್ನು ಬೈದರೆ ಪ್ರಯೋಜನ ಇಲ್ಲ. ಕಾರಣ ಹುಡುಕಬೇಕು.

ಒಂದು: ಕೈ ತಾಗುವುದು. ನಮ್ಮ ಬೆರಳಲ್ಲಿ ಬೆವರು, ಎಣ್ಣೆಯ ಅಂಶ ಇರುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜು ಮುಟ್ಟಿದರೆ ಅಲ್ಲಿ ಕಲೆ ಉಳಿಯುತ್ತದೆ. ಬಲ್ಬು ಕಾದಾಗ ಆ ಜಾಗ ಹಾಳಾಗಿ ಗಾಜು ಬಲ ಕಳೆದುಕೊಳ್ಳುತ್ತದೆ. ಗಾಜು ಸೀಳಬಹುದು.

ಎರಡು: ಹೆಚ್ಚು ವೋಲ್ಟೇಜು. ಎಂಜಿನ್ ಓಡುವಾಗ ಡೈನಮೊ ಕರೆಂಟು ಹುಟ್ಟಿಸುತ್ತದೆ. ಅದು ಮಿತಿ ಮೀರದಂತೆ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. 12 ವೋಲ್ಟಿನ ಗಾಡಿಯಲ್ಲಿ ಎಂಜಿನ್ ಓಡುವಾಗ ಮೀಟರು ಸುಮಾರು ಹದಿಮೂರೂವರೆಯಿಂದ ಹದಿನಾಲ್ಕೂವರೆ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜು ನೂರಕ್ಕೆ 5 ಪಾಲು ಹೆಚ್ಚಾದರೂ ಬಲ್ಬಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದರ ಗುರುತು ಏನು? ಎಕ್ಸಲೇಟರ್ ಒತ್ತಿದಾಗ ಲೈಟು ಭಗ್ ಎಂದು ಹೆಚ್ಚುತ್ತದೆ. ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಬೇರೆ ಬೇರೆ ಬಲ್ಬುಗಳೂ ಒಟ್ಟೊಟ್ಟಿಗೆ ಹೋಗುತ್ತವೆ.

ಮೂರು: ಅಲುಗಾಟ. ಗುಂಡಿ ಬಿದ್ದ ರಸ್ತೆ, ಹೊಲದ ದಾರಿ. ಬಲ್ಬು ಸರಿಯಾಗಿ ಕೂತಿಲ್ಲದಿದ್ದರೆ, ಲೈಟಿನ ಸ್ಕ್ರೂ ಸಡಿಲ ಇದ್ದರೆ ಕಾದ ತಂತಿ ನಡುಗಿ ಕಡಿಯುತ್ತದೆ.

ನಾಲ್ಕು: ನೀರು. ಲೈಟಿನ ಗಾಜು ಬಿರಿದಿದ್ದರೆ, ಹಿಂದಿನ ರಬ್ಬರ್ ಟೋಪಿ ಇಲ್ಲದಿದ್ದರೆ ಒಳಗೆ ನೀರು ಹೋಗುತ್ತದೆ. ಕಾದ ಬಲ್ಬಿನ ಮೇಲೆ ನೀರು ಬಿದ್ದರೆ ಏನಾದೀತು? ಕಾದ ಲಾಟೀನಿನ ಗಾಜಿಗೆ ನೀರು ಚಿಮುಕಿಸಿದಂತೆ.

ಐದು: ಕಳಪೆ ಬಲ್ಬು. ಹೆಸರಿಲ್ಲದ, ವ್ಯಾಟ್ ಬರೆದಿಲ್ಲದ ಬಲ್ಬು ಅಗ್ಗಕ್ಕೆ ಸಿಗುತ್ತದೆ. ಅಷ್ಟೇ ಬೇಗ ಹೋಗುತ್ತದೆ.

ದೊಡ್ಡ ಬಲ್ಬು ಹಾಕಬಹುದೇ?

"ಅಣ್ಣಾ, ಬೆಳಕು ಸಾಲವಲ್ದು. ಜೋರು ಬಲ್ಬು ಕೊಡ್ರಿ."

"ನೂರರದು ಐತಿ ನೋಡ್ರಿ. ಹಾಕ್ರಿ, ಹಗಲಾದಂಗ ಆಗ್ತೈತಿ."

ಅಂಗಡಿಯಲ್ಲಿ ಇಂಥ ಮಾತು ಕೇಳಿರುತ್ತೀರಿ. 60ರ ಜಾಗದಲ್ಲಿ 100ರದು. ಬೆಳಕು ಹೆಚ್ಚುವುದು ನಿಜ. ಆದರೆ ಲೆಕ್ಕ ಹಾಕಿ ನೋಡೋಣ.

60 ಅನ್ನು 12ರಿಂದ ಭಾಗಿಸಿ. 5 ಬರುತ್ತದೆ. ಅಂದರೆ 5 ಆಂಪಿಯರ್ ಕರೆಂಟು. 100 ಅನ್ನು 12ರಿಂದ ಭಾಗಿಸಿ. 8 ದಾಟುತ್ತದೆ. ಗಾಡಿಯ ವೈರು ಹಾಕಿರುವುದು 5ರ ಲೆಕ್ಕಕ್ಕೆ. 8 ಹರಿದರೆ ವೈರು ಹಿಂದಿಗಿಂತ ಸುಮಾರು ಮೂರು ಪಟ್ಟು ಕಾಯುತ್ತದೆ. ಹೋಲ್ಡರ್ ಕರಗುತ್ತದೆ. ವೈರಿನ ಪ್ಲಾಸ್ಟಿಕ್ ಸುಡುತ್ತದೆ. ಬೆಂಕಿಯೂ ಹತ್ತಬಹುದು. ಎದುರು ಬರುವವರ ಕಣ್ಣು ಕುಕ್ಕುತ್ತದೆ. ಕಣ್ಣು ಕತ್ತಲಿಟ್ಟ ಆ ಡ್ರೈವರ್‌ಗೆ ರಸ್ತೆ ಪಕ್ಕ ನಡೆಯುವ ಪಾದಯಾತ್ರಿಗಳು ಕಾಣುವುದಿಲ್ಲ. ಪೊಲೀಸರು ದಂಡವನ್ನೂ ಹಾಕಬಹುದು.

ನೀಲಿ ಗಾಜಿನ ಬಲ್ಬು ನೋಡಲು ಚೆಂದ. ಆದರೆ ನೀಲಿ ಬಣ್ಣವೇ ಸ್ವಲ್ಪ ಬೆಳಕನ್ನು ತಡೆಯುತ್ತದೆ.

ಎಲ್ಇಡಿ ಬಲ್ಬಿಗೆ ತಂತಿ ಇಲ್ಲ, ಕರೆಂಟು ಕಡಿಮೆ ಸಾಕು. ಕಂಪನಿಯೇ ಎಲ್ಇಡಿ ಲೈಟು ಕೊಟ್ಟಿದ್ದರೆ ಒಳ್ಳೆಯದು. ಆದರೆ ಹ್ಯಾಲೊಜನ್ನಿಗಾಗಿ ಮಾಡಿದ ಲೈಟಿನೊಳಗೆ ಎಲ್ಇಡಿ ತುರುಕಿದರೆ ಬೆಳಕು ಚೆದುರುತ್ತದೆ. ರಸ್ತೆಗೆ ಬೀಳುವ ಬದಲು ಎದುರಿನವರ ಕಣ್ಣಿಗೆ ಬೀಳುತ್ತದೆ.

ಬೆಳಕು ಹೆಚ್ಚಿಸುವ ಸರಿಯಾದ ದಾರಿ

ಮೊದಲು ಗಾಜು ಒರೆಸಿ. ನಮ್ಮ ಕಡೆಯ ಧೂಳು ಸಾಮಾನ್ಯವಲ್ಲ. ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಪಾಲಿಶ್ ಮಾಡಿಸಬಹುದು. ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇರುತ್ತದೆ. ಇದೇ ರಿಫ್ಲೆಕ್ಟರ್. ಅದು ಮಂಕಾಗಿದ್ದರೆ ಎಂಥ ಬಲ್ಬು ಹಾಕಿದರೂ ವ್ಯರ್ಥ. ಬದಲಿಸಬೇಕು.

ಆಮೇಲೆ ವೈರು ನೋಡಿಸಿ. ಮೋಟಾರಿನ ನೀರು ಸೋರುವ ಪೈಪಿನಲ್ಲಿ ಬಂದರೆ ಹೊಲದ ಕೊನೆಗೆ ಎಷ್ಟು ಮುಟ್ಟೀತು? ಕರೆಂಟೂ ಹಾಗೆಯೇ. ತುಕ್ಕು ಹಿಡಿದ ಹೋಲ್ಡರ್, ಸಡಿಲವಾದ ಅರ್ಥ್ ವೈರು ಇದ್ದರೆ ಬಲ್ಬಿಗೆ ಪೂರ್ತಿ ವೋಲ್ಟೇಜು ಮುಟ್ಟುವುದಿಲ್ಲ. ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಕಡಿಮೆಯಾಗುತ್ತದೆ! ಎಲೆಕ್ಟ್ರಿಷಿಯನ್ ಹತ್ತಿರ ಫ್ಯೂಸು ಸಹಿತ ರಿಲೇ ಹಾಕಿಸಿದರೆ ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟು ಬರುತ್ತದೆ. ಅದೇ 60ರ ಬಲ್ಬು ಚೆನ್ನಾಗಿ ಬೆಳಗುತ್ತದೆ.

ಕೊನೆಗೆ ಲೈಟಿನ ಮುಖ ಸರಿ ಮಾಡಿಸಿ. ಈರುಳ್ಳಿ ಚೀಲ ಹೇರಿದಾಗ ಗಾಡಿಯ ಹಿಂಭಾಗ ತಗ್ಗುತ್ತದೆ. ಮುಂಭಾಗ ಏಳುತ್ತದೆ. ಬೆಳಕು ಮೇಲಕ್ಕೆ ಹೋಗುತ್ತದೆ. ಲೋಡು ಹೇರುವ ಗಾಡಿಗೆ ಇದನ್ನು ನೋಡಿಯೇ ಲೈಟು ಹೊಂದಿಸಬೇಕು.

ಬಲ್ಬು ಹಾಕುವ ಕ್ರಮ

ಲೈಟು ಆರಿಸಿ. ಬಲ್ಬು ತಣ್ಣಗಾಗಲು ಬಿಡಿ. ಹೊಸ ಬಲ್ಬನ್ನು ಲೋಹದ ಬುಡದಲ್ಲಿ ಹಿಡಿಯಿರಿ. ಗಾಜು ಮುಟ್ಟಬೇಡಿ. ಕೈಗೆ ಶುದ್ಧ ಬಟ್ಟೆ ಇರಲಿ. ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಾಕಿ. ಬಲ್ಬು ಅಲುಗದಂತೆ ಕ್ಲಿಪ್ಪು ಬಿಗಿಯಾಗಿ ಕೂರಿಸಿ. ರಬ್ಬರ್ ಟೋಪಿ ಮರೆಯಬೇಡಿ.

ಒಂದು ಹಳತಾಗಿ ಸುಟ್ಟಿದ್ದರೆ ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿದೆ. ಎರಡನ್ನೂ ಬದಲಿಸುವುದು ಒಳ್ಳೆಯದು. ಉಳಿದ ಹಳೆಯದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ. ನಡುರಾತ್ರಿ ಕೈ ಹಿಡಿಯುತ್ತದೆ.

ನಿಮ್ಮ ಬರಹವೇ ಕಾರಣ ಹುಡುಕುತ್ತದೆ

ಹಾಲಿನ ಲೆಕ್ಕ ಬರೆಯುತ್ತೀರಿ. ಸಂಘದ ಲೆಕ್ಕ ಬರೆಯುತ್ತೀರಿ. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಬಲ್ಬಿನ ಲೆಕ್ಕವನ್ನೂ ಬರೆಯಿರಿ. ಹೀಗೆ:

ಯಾವ ಕಡೆ: ಎಡ
ಹಾಕಿದ್ದು: ಜನವರಿ 10
ಸುಟ್ಟಿದ್ದು: ಮಾರ್ಚ್ 15
ಗಾಜು: ಸ್ವಚ್ಛ ಇದೆ, ತಂತಿ ಕಡಿದಿದೆ

ನಾಲ್ಕು ಸಲ ಬರೆದ ಮೇಲೆ ಓದಿ ನೋಡಿ. ಪ್ರತಿ ಸಲ ಎಡಗಡೆಯದೇ ಹೋಗಿದೆಯೇ? ಎಡಗಡೆಯ ಹೋಲ್ಡರ್, ಸ್ಕ್ರೂ, ಟೋಪಿ ನೋಡಿಸಿ. ಎರಡೂ ಕಡೆಯವು ಬೆನ್ನು ಬೆನ್ನಿಗೆ ಹೋಗಿವೆಯೇ? ಮೀಟರು ಹಿಡಿದು ವೋಲ್ಟೇಜು ನೋಡಿಸಿ. ಹಾಕಿದ ನಾಲ್ಕೇ ದಿನಕ್ಕೆ ಹೋಯಿತೇ? ಕೈ ತಾಗಿರಬಹುದು, ಇಲ್ಲವೇ ಬಲ್ಬು ಕಳಪೆ. ಗಾಜಿನೊಳಗೆ ಬಿಳಿ ಪುಡಿ ಕೂತಿದೆಯೇ? ಗಾಜು ಬಿರಿದು ಒಳಗೆ ಗಾಳಿ ಹೋಗಿದೆ.

ಮೆಕ್ಯಾನಿಕ್ಕಿನ ಮುಂದೆ "ಮತ್ತ ಹೋತು ನೋಡಣ್ಣ" ಎನ್ನುವುದು ಬೇರೆ. "ಎಡಗಡೇದು, ಎರಡು ತಿಂಗಳಿಗೊಮ್ಮೆ, ನಾಲ್ಕು ಸಲ ಹೋಗೈತಿ" ಎಂದು ಬರೆದದ್ದನ್ನು ತೋರಿಸುವುದು ಬೇರೆ. ಎರಡನೆಯ ಮಾತಿಗೆ ಅವನು ಬಾನೆಟ್ ಎತ್ತಿ ನೋಡಲೇಬೇಕು.

ನೆನಪಿಡಿ

ಒಂದೇ ಲೈಟಿನ ಗಾಡಿಯಲ್ಲಿ ರಾತ್ರಿ ಹೊರಡಬೇಡಿ, ಮಕ್ಕಳನ್ನೂ ಕಳಿಸಬೇಡಿ.
ಗಾಡಿ ಹೊರಡುವ ಮೊದಲು ಬ್ರೈಟ್, ಡಿಮ್ ಎರಡನ್ನೂ ಹಚ್ಚಿ ನೋಡಿಸಿ.
ಎದುರು ಗಾಡಿ ಬಂದಾಗ ಡಿಮ್ ಮಾಡಲು ಹೇಳಿ.
ಎತ್ತಿನ ಗಾಡಿಯ ಹಿಂದೆ, ಟ್ರೇಲರಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ.

ಓದಿ, ಉತ್ತರ ಬರೆಯಿರಿ

1. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಯಾಕೆ ಮುಟ್ಟಬಾರದು?
2. ನಿಮ್ಮ ಊರಿನ ಒಂದು ಗಾಡಿಯ ಬಲ್ಬಿನ ಮೇಲೆ ಯಾವ ಅಂಕಿಗಳಿವೆ? ನೋಡಿ ಬರೆಯಿರಿ.
3. ಒಂದು ಬಲ್ಬಿಗೆ 150 ರೂಪಾಯಿ ಎಂದು ಇಟ್ಟುಕೊಳ್ಳಿ. ಎರಡು ತಿಂಗಳಿಗೊಂದು ಸುಟ್ಟರೆ ವರ್ಷಕ್ಕೆ ಎಷ್ಟು ಖರ್ಚು?
4. ಆ ದುಡ್ಡು ಉಳಿದರೆ ನಿಮ್ಮ ಮನೆಗೆ ಏನು ತರುವಿರಿ? ಎರಡು ಸಾಲು ಬರೆಯಿರಿ.