ಶ್ವಾಸಕೋಶ ಕಾಯುವ ಕರುಳವಾಸಿಗಳು

ಒಂದೇ ತಳಿಯ ಇಲಿಗಳು, ಮೂಗಿಗೆ ಬಿಟ್ಟ ವೈರಸ್ಸೂ ಒಂದೇ. ಆದರೂ ಕೆಲವು ಇಲಿಗಳು ಇನ್‌ಫ್ಲುಯೆಂಜಾದಿಂದ ತೀರಾ ಸೊರಗಿದವು, ಇನ್ನು ಕೆಲವು ಹೆಚ್ಚು ತೊಂದರೆಯಿಲ್ಲದೆ ಪಾರಾದವು. ಈ ವ್ಯತ್ಯಾಸದ ಮೂಲವನ್ನು ಹುಡುಕುತ್ತಾ ಹೊರಟ ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕೊನೆಗೆ ತಲುಪಿದ್ದು ಶ್ವಾಸಕೋಶಕ್ಕಲ್ಲ, ಸಣ್ಣ ಕರುಳಿನ ತುದಿಭಾಗಕ್ಕೆ. ಪಾರಾದ ಇಲಿಗಳ ಕರುಳಿನ ಒಳಗೋಡೆಗೆ ಒಂದು ಬಗೆಯ ಬ್ಯಾಕ್ಟೀರಿಯಾ ಕಚ್ಚಿಕೊಂಡಿತ್ತು. ಎಳೆಎಳೆಯಾಗಿ, ಗೆಣ್ಣುಗೆಣ್ಣಾಗಿ ಬೆಳೆಯುವ ಈ ಜೀವಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸೆಗ್ಮೆಂಟೆಡ್ ಫಿಲಮೆಂಟಸ್ ಬ್ಯಾಕ್ಟೀರಿಯಾ, ಚಿಕ್ಕದಾಗಿ ಎಸ್‌ಎಫ್‌ಬಿ.

ಈ ಜೀವಿ ಕರುಳು ಬಿಟ್ಟು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಹಾಗಾದರೆ ಅಲ್ಲಿನ ಕಾವಲನ್ನು ಇಲ್ಲಿಂದ ಹೇಗೆ ಬದಲಿಸುತ್ತದೆ?

ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಆಮ್ಲಜನಕ ರಕ್ತಕ್ಕೆ ದಾಟಬೇಕಾದ್ದರಿಂದ ಅವುಗಳ ಗೋಡೆ ತೀರಾ ತೆಳು. ಆ ಗೂಡುಗಳ ಒಳಗೆ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಓಡಾಡಿಕೊಂಡಿರುತ್ತವೆ. ಉಸಿರಿನೊಂದಿಗೆ ಬಂದ ದೂಳು, ಸತ್ತ ಕೋಶ, ರೋಗಾಣು, ಎಲ್ಲವನ್ನೂ ನುಂಗುವುದು ಅವುಗಳ ಕೆಲಸ. ಫ್ಲೂ ವೈರಸ್ ನುಗ್ಗಿದಾಗ ಎಸ್‌ಎಫ್‌ಬಿ ಇಲ್ಲದ ಇಲಿಗಳಲ್ಲಿ ಈ ಕೋಶಗಳೇ ಸತ್ತು ಖಾಲಿಯಾದವು. ಎಸ್‌ಎಫ್‌ಬಿ ಇದ್ದ ಇಲಿಗಳಲ್ಲಿ ಅವು ಉಳಿದುಕೊಂಡವು, ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸಿ ವೈರಸ್ಸನ್ನು ಸದ್ದಿಲ್ಲದೆ ಮುಗಿಸಿದವು. ಎಸ್‌ಎಫ್‌ಬಿ ಇದ್ದ ಇಲಿಯ ಮ್ಯಾಕ್ರೋಫೇಜುಗಳನ್ನು ತೆಗೆದು ಇಲ್ಲದ ಇಲಿಯ ಶ್ವಾಸಕೋಶಕ್ಕೆ ಹಾಕಿದಾಗ ಆ ಇಲಿಗೂ ರಕ್ಷಣೆ ಸಿಕ್ಕಿತು. 2024ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಯೋಗವೇ. ಕರುಳಿನ ಪ್ರಭಾವ ಆ ಕೋಶಗಳ ಸ್ವಭಾವದಲ್ಲೇ ಬೇರೂರಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಕರುಳಿನ ಸುದ್ದಿ ದೂರದ ಅಂಗಗಳಿಗೆ ಮುಟ್ಟುವ ಒಂದು ದಾರಿ 2010ರಲ್ಲೇ ಗೊತ್ತಾಗಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಥಾಮಸ್ ಕ್ಲಾರ್ಕ್, ಜೆಫ್ರಿ ವೈಸರ್ ಮತ್ತು ಸಂಗಡಿಗರು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಪರೀಕ್ಷಿಸುತ್ತಿದ್ದರು. ಮೂಳೆಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು 10,000 ಕೋಟಿಯಷ್ಟು ಹುಟ್ಟಿ, ಅಲ್ಪಕಾಲ ಬದುಕಿ ಸಾಯುವ ಕೋಶಗಳಿವು. ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಅಳಿಸಿದ ಇಲಿಗಳಲ್ಲಿ ನ್ಯೂಟ್ರೋಫಿಲ್‌ಗಳೇನೋ ಇದ್ದವು, ಆದರೆ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕಸುವು ಕುಗ್ಗಿತ್ತು. ಕಾರಣ ಇಷ್ಟು: ಕರುಳಿನ ಬ್ಯಾಕ್ಟೀರಿಯಾ ಬೆಳೆಯುವಾಗ, ಒಡೆಯುವಾಗ ಅದರ ಕೋಶಗೋಡೆಯ ಪೆಪ್ಟಿಡೊಗ್ಲೈಕಾನ್ ಎಂಬ ವಸ್ತುವಿನ ಚೂರುಗಳು ಉದುರುತ್ತವೆ. ಅವು ರಕ್ತಕ್ಕೆ ಸೇರಿ ಮಜ್ಜೆಯವರೆಗೂ ತಲುಪುತ್ತವೆ. ಅಲ್ಲಿ ನೋಡ್-1 ಎಂಬ ಗ್ರಾಹಕ ಅವನ್ನು ಗುರುತಿಸುತ್ತದೆ, ನ್ಯೂಟ್ರೋಫಿಲ್ ಎಚ್ಚರಗೊಳ್ಳುತ್ತದೆ. ಬ್ಯಾಕ್ಟೀರಿಯಾ ಅಳಿದ ಇಲಿಗಳಿಗೆ ನೋಡ್-1 ಅನ್ನು ತಟ್ಟುವ ಅಣುವನ್ನಷ್ಟೇ ಚುಚ್ಚಿದರೂ ಕಸುವು ಮರಳಿತು. ಶ್ವಾಸಕೋಶಕ್ಕೆ ಸೋಂಕು ಬರುವ ಮೊದಲೇ, ಯಾವ ಶತ್ರುವೂ ಕಣ್ಣಿಗೆ ಬೀಳದಿರುವಾಗಲೇ, ಈ ತಯಾರಿ ನಡೆದಿರುತ್ತದೆ.

ಇಷ್ಟು ಓದಿದವರು ಕರುಳಿನ ಬ್ಯಾಕ್ಟೀರಿಯಾ ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂದುಕೊಳ್ಳುವುದು ಸಹಜ. ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಫ್ಲೂ ಕಾಯಿಲೆಯಲ್ಲಿ ಶ್ವಾಸಕೋಶ ಹಾಳಾಗುವುದು ವೈರಸ್ಸಿನಿಂದ ಮಾತ್ರವಲ್ಲ, ಬೆಂಕಿ ಆರಿಸಲು ಬಂದವರೇ ಮನೆ ಕೆಡವಿದಂತೆ ನಮ್ಮದೇ ರಕ್ಷಕ ಕೋಶಗಳು ಮಿತಿಮೀರಿ ನುಗ್ಗುವುದರಿಂದಲೂ ಹೌದು. ಅದೇ ನ್ಯೂಟ್ರೋಫಿಲ್ ಇಲ್ಲಿ ಅಪಾಯಕಾರಿ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬೆಂಜಮಿನ್ ಮಾರ್ಸ್‌ಲ್ಯಾಂಡ್ ತಂಡ ಇಲಿಗಳಿಗೆ ನಾರಿನಂಶ ಹೆಚ್ಚಿರುವ ಆಹಾರ ಕೊಟ್ಟು ನೋಡಿತು. ನಾವು ಜೀರ್ಣಿಸಲಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಕಿರು ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಆ ಬ್ಯುಟಿರೇಟ್ ಮಜ್ಜೆಯಲ್ಲಿ ಹುಟ್ಟುವ ಕೋಶಗಳ ಜಾಡನ್ನೇ ಬದಲಿಸಿತು. ಶ್ವಾಸಕೋಶಕ್ಕೆ ಬಂದ ಹೊಸ ಮ್ಯಾಕ್ರೋಫೇಜುಗಳು ನ್ಯೂಟ್ರೋಫಿಲ್‌ಗಳನ್ನು ಕೂಗಿ ಕರೆಯುವ ಸಂಕೇತವನ್ನು ಕಡಿಮೆ ಮಾಡಿದವು, ಇತ್ತ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಟಿ-ಕೋಶಗಳು ಚುರುಕಾದವು. 2018ರ ಈ ಅಧ್ಯಯನದ ಪ್ರಕಾರ ಒಂದೇ ಊಟ ಒಂದು ಪಡೆಯನ್ನು ತಡೆದು ಇನ್ನೊಂದನ್ನು ಮುಂದೆ ಬಿಟ್ಟಿತು. ಕರುಳು ಮಾಡುವುದು ರಕ್ಷಣೆಯನ್ನು ಹದದಲ್ಲಿ ಇಡುವ ಕೆಲಸ.

ಮನುಷ್ಯರಲ್ಲೂ ಇದರ ಸುಳಿವುಗಳಿವೆ. ನೆದರ್ಲೆಂಡ್ಸ್ ಮತ್ತು ಫಿನ್ಲೆಂಡಿನ ಸಾವಿರಾರು ಜನರ ಮಲದ ಮಾದರಿಗಳನ್ನು ಪರೀಕ್ಷಿಸಿ, ಅವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಶೇ 10ರಷ್ಟು ಹೆಚ್ಚಿದ್ದವರಲ್ಲಿ, ಸೋಂಕಿಗೆ ಆಸ್ಪತ್ರೆ ಸೇರುವ ಸಾಧ್ಯತೆ ಶೇ 14ರಿಂದ 25ರಷ್ಟು ಕಡಿಮೆ ಇತ್ತು. ಇದು ಸಂಬಂಧವನ್ನಷ್ಟೇ ತೋರಿಸುತ್ತದೆ, ಕಾರಣವನ್ನಲ್ಲ. ಆದರೂ ರಾಗಿ, ಹುರುಳಿ, ಸೊಪ್ಪು, ಅವರೆಯಂಥ ನಾರಿನ ಊಟವನ್ನು ಬಿಟ್ಟು ಪಾಲಿಶ್ ಅಕ್ಕಿ, ಮೈದಾಗಳಿಗೆ ಒಗ್ಗಿಹೋಗಿರುವ ನಾವು ಯೋಚಿಸಬೇಕಾದ ಮಾತು ಇದು.

ಇನ್ನೊಂದು ಆತಂಕ ಆ್ಯಂಟಿಬಯಾಟಿಕ್‌ನದು. ನೆಗಡಿ, ಫ್ಲೂ ವೈರಸ್‌ಗಳಿಗೆ ಅದು ತಾಗುವುದೇ ಇಲ್ಲ, ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ತಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ತಂಡ 2011ರಲ್ಲಿ ತೋರಿಸಿದಂತೆ, ಆ್ಯಂಟಿಬಯಾಟಿಕ್ ತಿಂದ ಇಲಿಗಳಲ್ಲಿ ಫ್ಲೂ ವಿರುದ್ಧದ ಪ್ರತಿಕಾಯಗಳೂ ಟಿ-ಕೋಶಗಳೂ ಕುಗ್ಗಿದ್ದವು. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾಕ್ಕೆ ಆ್ಯಂಟಿಬಯಾಟಿಕ್ ಜೀವ ಉಳಿಸುವ ಔಷಧ, ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಲೇಬೇಕು. ಮೂಗು ಸೋರಿದ ಕೂಡಲೇ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತಂದು ನುಂಗುವ ಅಭ್ಯಾಸವೇ ನನ್ನನ್ನು ಕಂಗೆಡಿಸುವುದು.

ಹೊರಗಿನಿಂದ ಬ್ಯಾಕ್ಟೀರಿಯಾ ಕೊಟ್ಟರೆ ಆಗದೇ? ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ನೇತೃತ್ವದ ತಂಡ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಎದೆಹಾಲು ಕುಡಿಯುತ್ತಿದ್ದ ಮಕ್ಕಳಿವು. ಒಂದು ಗುಂಪಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂನ ಒಂದು ತಳಿಯನ್ನು ಅದಕ್ಕೆ ಆಹಾರವಾಗುವ ಸಕ್ಕರೆಯೊಂದಿಗೆ ಬಾಯಿಗೆ ಹಾಕಲಾಯಿತು. ಎರಡು ತಿಂಗಳ ನಿಗಾದಲ್ಲಿ ಸೆಪ್ಸಿಸ್ (ಮೈಯೆಲ್ಲ ಆವರಿಸುವ ತೀವ್ರ ಸೋಂಕು) ಅಥವಾ ಸಾವಿನ ಪ್ರಮಾಣ ಶೇ 9ರಿಂದ 5.4ಕ್ಕೆ ಇಳಿಯಿತು. ಬಾಯಿಗೆ ಹಾಕಿದ ಔಷಧದಿಂದ ಶ್ವಾಸಕೋಶದ ಸೋಂಕುಗಳೂ ಕಡಿಮೆಯಾದವು. 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆದರೆ ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ, ಅವಧಿಗೆ ಮುನ್ನ ಹುಟ್ಟಿದ 1,315 ಮಕ್ಕಳಲ್ಲಿ ಒಂದು ಗುಂಪಿಗೆ ಬಿಫಿಡೋಬ್ಯಾಕ್ಟೀರಿಯಂ ಎಂಬ ಬೇರೊಂದು ಬ್ಯಾಕ್ಟೀರಿಯಾದ ತಳಿಯನ್ನು ಕೊಟ್ಟ ದೊಡ್ಡ ಪ್ರಯೋಗದಲ್ಲಿ ಯಾವ ಲಾಭವೂ ಕಂಡಿರಲಿಲ್ಲ. ಯಾವ ತಳಿ, ಯಾವ ಮಗು, ಹುಟ್ಟಿದ ಎಷ್ಟನೇ ದಿನ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಪ್ರೋಬಯಾಟಿಕ್’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸಾಲದು, ಒಳಗಿರುವ ತಳಿಯ ಹೆಸರು ಮತ್ತು ಅದನ್ನು ಯಾರ ಮೇಲೆ ಪರೀಕ್ಷಿಸಲಾಗಿದೆ ಎಂಬುದನ್ನು ವೈದ್ಯರಲ್ಲಿ ಕೇಳಿಯೇ ಕೊಳ್ಳಬೇಕು.